ಹದಿಮೂರು ಪಾಯಿಂಟ್ ಎಂಟು

ಹ್ಯಾಮ್ ರೇಡಿಯೋ ಹವ್ಯಾಸದವರು ಸೇರಿದ ಕಡೆ ಆಂಟೆನಾ ಬಗ್ಗೆ ಮಾತು ಶುರುವಾದ್ರೆ ಕಾಫಿ ಆರಿ ಹೋಗುತ್ತೆ. ಹೊಸ ಸೆಟ್ ಬಗ್ಗೆಯೂ ಅಷ್ಟೇ. ಆದರೆ ಇವೆಲ್ಲಕ್ಕೂ ಅನ್ನ ಹಾಕುವ ಪವರ್ ಸಪ್ಲೈ ಬಗ್ಗೆ ಯಾರೂ ಬಾಯಿ ಬಿಡೋದಿಲ್ಲ. ಅದು ಮೇಜಿನ ಕೆಳಗೆ, ಕಾಲಿಗೆ ತಾಗುವ ಜಾಗದಲ್ಲಿ ಧೂಳು ತಿನ್ನುತ್ತಾ ಕೂತಿರುತ್ತೆ. ಕೆಟ್ಟಾಗ ಮಾತ್ರ ನೆನಪಾಗುತ್ತೆ, ಊರಿನ ಟಿ.ಸಿ. ಥರ.

ಹೋದ ವರ್ಷ ನನಗೆ ಈ ಪೆಟ್ಟಿಗೆಯ ಬಗ್ಗೆ ಎರಡು ತಿಂಗಳು ತಲೆ ಕೆಡಿಸಿಕೊಳ್ಳುವ ಯೋಗ ಬಂತು. ಬೆಂಗಳೂರಿನ ಹಿರಿಯ ಹ್ಯಾಮ್ ಒಬ್ಬರು ಮನೆ ಮಾರಿ ಮಗನ ಫ್ಲಾಟಿಗೆ ಹೋಗುವವರಿದ್ದರು. ನಾನು ಕಲಿತದ್ದರಲ್ಲಿ ಅರ್ಧ ಅವರ ಮಹಡಿಯ ಕೋಣೆಯಲ್ಲಿ ಕೂತು ಕಲಿತದ್ದು. "ಫ್ಲಾಟಲ್ಲಿ ಆಂಟೆನಾ ಕಟ್ಟೋಕೆ ಬಿಡಲ್ಲ. ಗುಜರಿಗೆ ಹಾಕೋಕೆ ಮನಸ್ಸಿಲ್ಲ ಕಣಪ್ಪ. ನೀನು ತಗೊಂಡು ಹೋಗು" ಅಂತ 200 ವ್ಯಾಟಿನ ಆಂಪ್ಲಿಫೈಯರ್ ಒಂದನ್ನ ಮುಂದಿಟ್ಟರು. ಅದರ ಜೊತೆಗೆ ಅವರೇ ಕೈಯಾರೆ ಕಟ್ಟಿದ, ಇಪ್ಪತ್ತು ಕೆ.ಜಿ.ಗೂ ಮೇಲೆ ತೂಗುವ ಪವರ್ ಸಪ್ಲೈ. ಆಂಪ್ಲಿಫೈಯರ್ ಬೇಕಿತ್ತು, ಅದರಲ್ಲಿ ಅನುಮಾನ ಇರಲಿಲ್ಲ. ಸಪ್ಲೈ ತಗೋಬೇಕಾ ಬೇಡ್ವಾ ಅನ್ನೋದೇ ಪ್ರಶ್ನೆ.

ಮೊದಲು ಈ 13.8ರ ಕತೆ. ಹ್ಯಾಮ್ ಸೆಟ್ ಯಾವುದೇ ತಗೊಳ್ಳಿ, ಬಹುಪಾಲು ಅದರ ಹಿಂದೆ 13.8 ವೋಲ್ಟ್ ಅಂತ ಬರೆದಿರುತ್ತೆ. ಇದೇನು ದೇವರು ಕೊಟ್ಟ ಅಂಕಿ ಅಲ್ಲ. ಕಾರಿನ ಬ್ಯಾಟರಿಯಲ್ಲಿ ಆರು ಕೋಶ ಇರುತ್ತವೆ. ಚಾರ್ಜಿಗೆ ಹಾಕಿ ಹಾಗೇ ಬಿಟ್ಟಾಗ ಒಂದೊಂದು ಕೋಶ 2.3 ವೋಲ್ಟಿನಲ್ಲಿ ನಿಲ್ಲುತ್ತೆ. ಆರರಿಂದ ಗುಣಿಸಿದರೆ 13.8. ಕಾರಿನಲ್ಲೂ ಓಡಬೇಕು, ಮನೆಯಲ್ಲೂ ಓಡಬೇಕು ಅಂತ ಸೆಟ್ ಮಾಡುವವರು ಇದನ್ನೇ ಹಿಡಿದರು. ನಮ್ಮ ಮೇಜಿನ ಕೆಳಗಿನ ಪೆಟ್ಟಿಗೆ ಮಾಡುವ ಕೆಲಸ ಇಷ್ಟೇ: ಎಂಜಿನ್ ಓಡುತ್ತಿರುವ ಕಾರಿನ ಬ್ಯಾಟರಿಯಂತೆ ನಟಿಸುವುದು.

ಎಷ್ಟು ಆಂಪಿಯರ್ ಬೇಕು? ಆಂಪ್ಲಿಫೈಯರ್ ನುಂಗಿದ ವಿದ್ಯುತ್ತಿನಲ್ಲಿ ಹೆಚ್ಚುಕಮ್ಮಿ ಅರ್ಧ ಮಾತ್ರ ಆಂಟೆನಾಗೆ ಹೋಗುತ್ತೆ, ಉಳಿದರ್ಧ ಶಾಖ. 200 ವ್ಯಾಟ್ ಹೊರಗೆ ಬರಬೇಕಾದ್ರೆ 400 ವ್ಯಾಟ್ ಒಳಗೆ ಕೊಡಬೇಕು. ಅದನ್ನ 13.8ರಿಂದ ಭಾಗಿಸಿದರೆ 29 ಆಂಪಿಯರ್. ಅದಕ್ಕೆ ಸಿಗ್ನಲ್ ಕೊಡುವ ಸೆಟ್ಟಿಗೆ ಇನ್ನೊಂದು ಹತ್ತು. ಒಟ್ಟು 40. ಇಲ್ಲಿ ಡಬ್ಬಿಯ ಮೇಲಿನ ದೊಡ್ಡಕ್ಷರ ನಂಬಬಾರದು. "40 ಆಂಪಿಯರ್" ಅಂತ ಮುಂದೆ ಬರೆದು, ಹಿಂದೆ ಸಣ್ಣಕ್ಷರದಲ್ಲಿ "ನಿರಂತರ 30" ಅಂತ ಬರೆದಿರ್ತಾರೆ. ಮಾತಾಡೋದಾದ್ರೆ ನಡೆಯುತ್ತೆ, ಯಾಕಂದ್ರೆ ಮಾತಿನ ಮಧ್ಯೆ ಉಸಿರು ತಗೋತೀವಿ, ಸಪ್ಲೈ ಕೂಡ ಉಸಿರು ತಗೊಳ್ಳುತ್ತೆ. ಎಫ್‌ಟಿ8 ಥರದ ಡಿಜಿಟಲ್ ವಿಧಾನದಲ್ಲಿ ಹನ್ನೆರಡು ಸೆಕೆಂಡಿಗೂ ಮೇಲೆ ಪೂರ್ತಿ ಲೋಡ್, ಬಿಡುವೇ ಇಲ್ಲ. ಹಾಗಾಗಿ ನಿರಂತರ 50 ಕೊಡುವ ಪೆಟ್ಟಿಗೆ ಬೇಕು ಅಂತ ತೀರ್ಮಾನ ಮಾಡಿದೆ.

ಈಗ ಎರಡು ಜಾತಿ. ಹಿರಿಯರು ಕಟ್ಟಿದ್ದು ಲೀನಿಯರ್. ದೊಡ್ಡ ಟ್ರಾನ್ಸ್‌ಫಾರ್ಮರ್, ಡಯೋಡ್ ಬ್ರಿಡ್ಜ್, ಲೋಟದಷ್ಟು ದಪ್ಪದ ಕೆಪಾಸಿಟರ್‌ಗಳು, ಆಮೇಲೆ ಅಲ್ಯೂಮಿನಿಯಂ ರೆಕ್ಕೆಗಳ ಮೇಲೆ ಸಾಲಾಗಿ ಕೂತ ಹತ್ತು 2ಎನ್3055 ಟ್ರಾನ್ಸಿಸ್ಟರ್. ಕೆಪಾಸಿಟರ್ ಹತ್ತಿರ ಸುಮಾರು 20 ವೋಲ್ಟ್ ಇರುತ್ತೆ, ಅದನ್ನ ಈ ಟ್ರಾನ್ಸಿಸ್ಟರ್‌ಗಳು 13.8ಕ್ಕೆ ಇಳಿಸುತ್ತವೆ. ನಡುವಿನ 6.2 ವೋಲ್ಟ್, 40 ಆಂಪಿಯರ್ ಹರಿದಾಗ, ಸುಮಾರು 250 ವ್ಯಾಟ್ ಶಾಖ. ಚಳಿಗಾಲದಲ್ಲಿ ಕೈ ಕಾಯಿಸಿಕೊಳ್ಳಬಹುದು. ಆದರೆ ರೇಡಿಯೋ ಕಿವಿಗೆ ಇದು ಮೌನಿ, ಒಂದು ಚೂರೂ ಗದ್ದಲ ಇಲ್ಲ.

ಇನ್ನೊಂದು ಜಾತಿ ಎಸ್‌ಎಂಪಿಎಸ್, ನಮ್ಮ ಲ್ಯಾಪ್‌ಟಾಪ್ ಚಾರ್ಜರಿನ ದೊಡ್ಡಣ್ಣ. ಒಳಗೆ ಕರೆಂಟನ್ನ ಸೆಕೆಂಡಿಗೆ ಸಾವಿರಾರು ಸಲ ಕತ್ತರಿಸಿ ಜೋಡಿಸುತ್ತೆ. ತೂಕ ಎರಡು ಮೂರು ಕೆ.ಜಿ., ಶಾಖ ಕಮ್ಮಿ. ಆದರೆ ಆ ಕತ್ತರಿಸುವ ಸದ್ದು ತಂತಿ ಹಿಡಿದು ಹೊರಗೆ ಬಂದು, ನಾವು ಮಾತಾಡುವ 7 ಮೆಗಾಹರ್ಟ್ಸ್‌ನಲ್ಲೂ ಅಲ್ಲಲ್ಲಿ ಗೊರ್ ಅಂತ ಕೂತಿರುತ್ತೆ. ಹಳಬರಿಗೆ ಇದರ ಹೆಸರು ಹೇಳಿದ್ರೆ ಮುಖ ಗಂಟಾಗುತ್ತೆ.

ಕಾಗದದ ಮೇಲೆ ಲೀನಿಯರ್ ಗೆದ್ದಿತ್ತು. ಪುಕ್ಕಟೆ ಬೇರೆ. ಗುರುಗಳ ಕೈಯ ಕೆಲಸ ಬೇರೆ. ಆದರೆ ನಾನು ಸ್ಟೇಷನ್ ಇಡಬೇಕೆಂದಿದ್ದು ಊರಲ್ಲಿ. ಬೆಂಗಳೂರಿನ ಬಾಡಿಗೆ ಮನೆಯಲ್ಲಿ ಇಪ್ಪತ್ತು ಮೀಟರ್ ತಂತಿ ಎಲ್ಲಿ ಕಟ್ಟಲಿ? ಊರಲ್ಲಾದ್ರೆ ಎರಡು ತೆಂಗಿನ ಮರ ಅಳತೆ ತೆಗೆದು ನೆಟ್ಟಂಗಿವೆ.

ಅಪ್ಪನಿಗೆ ಫೋನ್ ಮಾಡಿ ವಿಷಯ ಹೇಳಿದೆ. ಅವರು ರೇಡಿಯೋ ಬಗ್ಗೆ ಏನೂ ಕೇಳಲಿಲ್ಲ. "ಎಷ್ಟು ಎಚ್.ಪಿ.?" ಅಂದ್ರು.

ಲೆಕ್ಕ ಹಾಕಿದೆ. ಎಸ್‌ಎಂಪಿಎಸ್ ಆದ್ರೆ ಗೋಡೆಯಿಂದ ಸುಮಾರು 650 ವ್ಯಾಟ್ ಎಳೆಯುತ್ತೆ. ಒಂದು ಎಚ್.ಪಿ. ಅಂದ್ರೆ 746 ವ್ಯಾಟ್. "ಒಂದು ಎಚ್.ಪಿ.ಗೂ ಕಮ್ಮಿ ಅಪ್ಪ" ಅಂದೆ.

"ಹಂಗಾದ್ರೆ ಲೈನು ತಡೀತದೆ. ವೋಲ್ಟೇಜ್ ಮಾತ್ರ ಸಂಜೆ ಹೊತ್ತು ನೋಡ್ಕೊ, ಬೆಳಗ್ಗೆ ನೋಡಿ ಮೋಸ ಹೋಗಬ್ಯಾಡ" ಅಂದ್ರು.

ಮೂವತ್ತು ವರ್ಷ ಬೋರ್‌ವೆಲ್ ಮೋಟರ್ ಜೊತೆ ಏಗಿದ ಮನುಷ್ಯ. ವೋಲ್ಟೇಜ್ ಬಿದ್ದಾಗ ಮೋಟರ್ ಸದ್ದು ಹೇಗೆ ಬದಲಾಗುತ್ತೆ, ಯಾವಾಗ ಓಡಿಹೋಗಿ ಸ್ಟಾರ್ಟರ್ ಆಫ್ ಮಾಡದಿದ್ರೆ ರಿವೈಂಡಿಂಗ್ ಖರ್ಚು ಮೈಮೇಲೆ ಬರುತ್ತೆ ಅನ್ನೋದೆಲ್ಲ ಕಿವಿಯಲ್ಲೇ ಗೊತ್ತು. ನಾನು ಬಿ.ಇ.ಯಲ್ಲಿ ಪರೀಕ್ಷೆಗೆ ಓದಿ ಮರೆತದ್ದನ್ನ ಅವರು ಸಾಲ ಮಾಡಿ ಕಲಿತಿದ್ದರು.

ಊರಿಗೆ ಹೋಗಿ ಮೂರು ದಿನ ಮಲ್ಟಿಮೀಟರ್ ಇಟ್ಟು ಬರೆದುಕೊಂಡೆ. ನಮ್ಮದು ತೋಟದ ಮನೆ, ಪಂಪ್‌ಸೆಟ್ ಲೈನಿನಲ್ಲೇ ಇದೆ. ನಡುರಾತ್ರಿ 240. ತ್ರೀ ಫೇಸ್ ಕೊಟ್ಟು ಸುತ್ತಲಿನ ಮೋಟರ್‌ಗಳೆಲ್ಲ ಎದ್ದಾಗ 190. ಸಂಜೆ ಏಳಕ್ಕೆ 172. ಹ್ಯಾಮ್‌ಗಳು ಹರಟೆಗೆ ಕೂರುವುದೂ ಸಂಜೆಯೇ.

ಇಲ್ಲೇ ಲೀನಿಯರ್ ಸೋಲೋದು. ಟ್ರಾನ್ಸ್‌ಫಾರ್ಮರ್ ಪಾಪ ಪ್ರಾಮಾಣಿಕ, ಒಳಗೆ ಬಂದದ್ದು ಕಮ್ಮಿಯಾದ್ರೆ ಹೊರಗೆ ಹೋಗೋದನ್ನೂ ಅದೇ ಪ್ರಮಾಣದಲ್ಲಿ ಕಮ್ಮಿ ಮಾಡುತ್ತೆ. 230ಕ್ಕೆ 20 ಸಿಗುತ್ತಿದ್ದ ಕಡೆ 172ಕ್ಕೆ 15ರ ಆಸುಪಾಸು. 13.8ನ್ನ ಗಟ್ಟಿಯಾಗಿ ಹಿಡಿಯೋಕೆ ಟ್ರಾನ್ಸಿಸ್ಟರ್‌ಗಳಿಗೆ ಕನಿಷ್ಠ ಎರಡು ಮೂರು ವೋಲ್ಟ್ ಮೇಲಿರಬೇಕು. ಇಲ್ಲದಿದ್ರೆ ಕೈಬಿಡುತ್ತವೆ. ನಾನು ಮಾತಾಡಿದ್ದು ಆ ಕಡೆಯವರಿಗೆ 100 ಹರ್ಟ್ಸ್‌ನ ಗುಂಯ್‌ಗುಡುವಿಕೆಯ ಜೊತೆ ಕೇಳಿಸುತ್ತೆ. ಎಸ್‌ಎಂಪಿಎಸ್ ಹಾಗಲ್ಲ. ಒಳ್ಳೆಯದಾದ್ರೆ 90ರಿಂದ 264 ವೋಲ್ಟ್ ತನಕ ಏನು ಕೊಟ್ಟರೂ 13.8 ಬಿಡೋದಿಲ್ಲ. ವೋಲ್ಟೇಜ್ ಕಮ್ಮಿಯಾದ್ರೆ ಗೋಡೆಯಿಂದ ಹೆಚ್ಚು ಆಂಪಿಯರ್ ಎಳೆದುಕೊಂಡು ಸರಿದೂಗಿಸುತ್ತೆ.

ಎಸ್.ಪಿ. ರೋಡಿನಲ್ಲಿ ಎರಡು ಶನಿವಾರ ಅಲೆದೆ. ಕೈಯಲ್ಲಿ ಒಂದು ಪುಟ್ಟ ಟ್ರಾನ್ಸಿಸ್ಟರ್ ರೇಡಿಯೋ. ಅದನ್ನ ಮೀಡಿಯಂ ವೇವ್‌ನಲ್ಲಿ ಸ್ಟೇಷನ್ ಇಲ್ಲದ ಕಡೆ ತಿರುಗಿಸಿ, ಅಂಗಡಿಯವರ ಹತ್ತಿರ ಸಪ್ಲೈ ಆನ್ ಮಾಡಿಸಿ, ಪಕ್ಕಕ್ಕೆ ಹಿಡಿಯೋದು. ಕೆಲವು ಒಂದು ಮೊಳ ದೂರದಿಂದಲೇ ಅರಚುತ್ತವೆ. ಕೆಲವು ಪೆಟ್ಟಿಗೆಗೆ ಅಂಟಿಸಿದಾಗ ಮಾತ್ರ ಪಿಸುಗುಡುತ್ತವೆ. ನಾಲ್ಕನೇ ಅಂಗಡಿಯವನು "ಹಾಡು ಕೇಳೋಕೆ ಬಂದ್ರಾ ಸಾರ್?" ಅಂತ ನಕ್ಕ. ಅವನ ಹತ್ತಿರವೇ ಪಿಸುಗುಡುವ ಪೆಟ್ಟಿಗೆ ಸಿಕ್ತು. ಇನ್ನೊಂದು ಮಾತು: ಕೆಲವು ಎಸ್‌ಎಂಪಿಎಸ್ ಪಕ್ಕದಲ್ಲಿ 110/220 ಅಂತ ಪುಟ್ಟ ಸ್ವಿಚ್ ಇರುತ್ತೆ. ಅದು 110ರಲ್ಲಿದ್ದು ನಮ್ಮ ಕರೆಂಟ್ ಕೊಟ್ಟರೆ ಢಮ್ ಅನ್ನುತ್ತೆ. ಆ ಸ್ವಿಚ್ಚೇ ಇಲ್ಲದ್ದನ್ನ ಆರಿಸಿದೆ. ಮನೆಯಲ್ಲಿ ಮಕ್ಕಳು ಓಡಾಡ್ತಾರೆ.

ಇನ್ನು ಹಿರಿಯರಿಗೆ ಹೇಳಬೇಕಿತ್ತು. ಇದೇ ಕಷ್ಟದ ಕೆಲಸ. ಪವರ್ ಸಪ್ಲೈ ಬೇಡ ಅನ್ನೋದು ಬೇರೆ, ಅವರು ಒಂದೊಂದು ಟ್ರಾನ್ಸಿಸ್ಟರ್ ಕೂರಿಸಿ, ರೆಕ್ಕೆ ಕೊರೆದು ಮಾಡಿದ್ದನ್ನ ಬೇಡ ಅನ್ನೋದು ಬೇರೆ. ನಾನು ಸುತ್ತಿ ಬಳಸಿ ಏನೋ ಶುರು ಮಾಡಿದೆ. ಅವರು "ಸಂಜೆ ವೋಲ್ಟೇಜ್ ಎಷ್ಟು?" ಅಂದ್ರು. "172 ಸರ್." ಒಂದು ಕ್ಷಣ ಸುಮ್ಮನಿದ್ದು, "ಡ್ರಾಪ್‌ಔಟ್. ಸ್ಟೆಬಿಲೈಜರ್ ಹಾಕಬಹುದು, ಅದೊಂದು ಹತ್ತು ಕೆ.ಜಿ. ಬೇರೆ ಯಾಕೆ? ಬೇಡ ಬಿಡು" ಅಂದ್ರು.

ಆಮೇಲೆ ಸ್ಕ್ರೂಡ್ರೈವರ್ ತಗೊಂಡು ತಮ್ಮ ಪೆಟ್ಟಿಗೆಯ ಮುಚ್ಚಳ ಬಿಚ್ಚಿದರು. ಮೂಲೆಯಲ್ಲಿದ್ದ ಅಂಗೈಯಗಲದ ಒಂದು ಬೋರ್ಡ್ ಕಿತ್ತು ಕೊಟ್ಟರು. ಅದು ಕ್ರೋಬಾರ್. ಸಪ್ಲೈ ಕೆಟ್ಟು ವೋಲ್ಟೇಜ್ 15 ದಾಟಿತು ಅಂದ್ರೆ ಅದರಲ್ಲಿರುವ ಎಸ್‌ಸಿಆರ್ ಕಣ್ಣು ಮಿಟುಕಿಸುವುದರೊಳಗೆ ಎರಡೂ ತಂತಿಯನ್ನ ಕೂಡಿಸಿ ಬಿಡುತ್ತೆ. ಫ್ಯೂಸ್ ಹೋಗುತ್ತೆ, ಸೆಟ್ ಉಳಿಯುತ್ತೆ. "ಹೊಸದರಲ್ಲೂ ರಕ್ಷಣೆ ಇರುತ್ತೆ ಅಂತಾರೆ. ಇದು ನಂದು, ಇರಲಿ" ಅಂದ್ರು.

ಆ ಬೋರ್ಡ್ ಈಗ ಊರಿನ ಸಪ್ಲೈ ಮತ್ತು ಆಂಪ್ಲಿಫೈಯರ್ ನಡುವೆ, ಫ್ಯೂಸಿನ ಪಕ್ಕ ಕೂತಿದೆ. ತಂತಿ 10 ಚದರ ಮಿ.ಮೀ. ತಾಮ್ರದ್ದು. ಮನೆ ವೈರಿಂಗಿನ 1.5 ಹಾಕಿದ್ದರೆ ಎರಡು ಮೀಟರ್ ದೂರಕ್ಕೆ, ಹೋಗಿ ಬರುವ ದಾರಿಯಲ್ಲೇ, ಹತ್ತಿರ ಹತ್ತಿರ ಎರಡು ವೋಲ್ಟ್ ಕಳೆದುಹೋಗಿ ತಂತಿಯೂ ಸುಡುತ್ತಿತ್ತು. ಸಪ್ಲೈಯ ಒಳ ಹೊರ ತಂತಿಗಳನ್ನ ಫೆರೈಟ್ ಬಳೆಗೆ ಆರೆಂಟು ಸುತ್ತು ಸುತ್ತಿದ ಮೇಲೆ ಆ ಪಿಸುಗುಡುವಿಕೆಯೂ ಅಡಗಿತು. ಗುಡುಗು ಬಂದಾಗ ಪ್ಲಗ್ ಕೀಳುವ, ಆಂಟೆನಾ ತಂತಿ ಬಿಚ್ಚಿ ಹೊರಗೆ ಹಾಕುವ ಕೆಲಸ ಅಪ್ಪನದು. ಮೋಟರ್ ಮನೆಯ ಬೀಗದ ಜೊತೆಗೇ ಈ ಕೋಣೆಯ ಬೀಗವೂ ಅವರ ಉಡಿದಾರದಲ್ಲಿದೆ.

ಹಿರಿಯರು ಫ್ಲಾಟಿನ ಬಾಲ್ಕನಿಯಲ್ಲಿ ಒಂದು ಗೇಣು ಆಂಟೆನಾ ಇಟ್ಟುಕೊಂಡು ಸಂಜೆ ಕೇಳಿಸಿಕೊಳ್ತಾರೆ. ಮೊದಲ ದಿನ ನಾನು ಊರಿಂದ ಕರೆದಾಗ ಸಿಗ್ನಲ್ ಹೇಗಿದೆ ಅಂತ ಫೋನಿನಲ್ಲಿ ಕೇಳಿದೆ. "ಹಮ್ ಇಲ್ಲ" ಅಂದ್ರು. ಅಷ್ಟೇ ಹೇಳಿದ್ದು.