ಅಳ್ಳಾಡುವ ಗಾದಿ

ತೊರಗಲ್ ಸೀಮೆಗೆ ಗಾದಿಗಳ ಬರವಿರಲಿಲ್ಲ. ತೊರಗಲ್ಲಿನಲ್ಲಿ ಕೊಲ್ಹಾಪುರದ ಕೈಕೆಳಗಿನ ಶಿಂಧೆಯವರ ಜಹಗೀರು, ರಾಮದುರ್ಗದಲ್ಲಿ ಭಾವೆಯವರ ಸಂಸ್ಥಾನ. 1948ರಲ್ಲಿ ರಾಮದುರ್ಗ ಮುಂಬಯಿ ಪ್ರಾಂತಕ್ಕೆ ಸೇರಿತು, ಗಾದಿ ಹೋಯಿತು. ಈಗ ಅನುಕೂಲವಿದ್ದ ಮನೆಗಳಲ್ಲೆಲ್ಲ ಒಂದೊಂದು ಗಾದಿ ಬಂದಿದೆ, ಬಿಳಿ ಪಿಂಗಾಣಿಯದು. ಎಂಬತ್ತು ದಾಟಿದ ಅಜ್ಜನಿಂದ ಹಿಡಿದು ಸಾಲಿಗೆ ಹೊತ್ತಾದ ಮೊಮ್ಮಗನವರೆಗೆ ಎಲ್ಲರೂ ಪಾಳಿ ಪ್ರಕಾರ ಏರುತ್ತಾರೆ. ಒಂದೇ ತೊಂದರೆ, ಅದು ಅಳ್ಳಾಡುತ್ತದೆ.

ಕಿತ್ತೂರಿಗೆ ಹೋದರೆ ಅರಮನೆಯ ಅವಶೇಷಗಳಲ್ಲಿ ಸ್ನಾನದ ಕೋಣೆ ತೋರಿಸುತ್ತಾರೆ, ಧ್ರುವ ನಕ್ಷತ್ರ ನೋಡುವ ಕಿಂಡಿ ತೋರಿಸುತ್ತಾರೆ. ಅದರಾಚೆಯ ಪ್ರಶ್ನೆಯನ್ನು ಕೇಳಲು ನಮಗೂ ಸಂಕೋಚ, ಹೇಳಲು ಅವರಿಗೂ ಸಂಕೋಚ. ನಮ್ಮ ಹಿರಿಯರಿಗಂತೂ ಅರಮನೆಯೂ ಇರಲಿಲ್ಲ, ಸಂಕೋಚವೂ ಇರಲಿಲ್ಲ. ನಸುಕಿನಲ್ಲಿ ಚರಿಗಿ ಹಿಡಿದು ಮಲಪ್ರಭೆಯ ದಂಡೆಗೋ ಜೋಳದ ಹೊಲದ ಬದುವಿಗೋ ಹೊರಟರೆ ಗಂಡಸರಿಗೆ ಅದು ಅರ್ಧ ವಾಯುವಿಹಾರ, ಅರ್ಧ ಪಂಚಾಯಿತಿ. ಹೆಂಗಸರಿಗೆ ಮಾತ್ರ ಕತ್ತಲಾಗುವ ತನಕ ತಡೆದುಕೊಂಡು ಕೂಡುವ ಶಿಕ್ಷೆ. 2014ರ ಅಕ್ಟೋಬರ್ 2ರಂದು ಸ್ವಚ್ಛ ಭಾರತ ಶುರುವಾಗಿ, 12,000 ರೂಪಾಯಿ ಸಹಾಯಧನ ಬಂದು, ಹಿತ್ತಲಲ್ಲಿ ಸಂಡಾಸಗಳು ಎದ್ದವು. ಅವೆಲ್ಲ ಕುಕ್ಕರಗಾಲಲ್ಲಿ ಕೂಡುವಂಥವು. ಕಮೋಡ್ ಬಂದದ್ದು ಮೊಣಕಾಲಿನ ದೆಸೆಯಿಂದ. ಡಾಕ್ಟರು "ಅಜ್ಜಾರು ಇನ್ನ ಮುಂದ ನೆಲಕ್ಕ ಕೂಡೂದ ಬ್ಯಾಡ" ಅಂದ ದಿನವೇ ಮನೆಯಲ್ಲಿ ಅದರ ಮಾತು ಏಳುತ್ತದೆ. ನಮ್ಮ ಕಾಕಾ ಮಾತ್ರ ಹೊಸ ಕಮೋಡನ್ನು ಬಾಗಿಲಲ್ಲಿ ನಿಂತು ಬಹಳ ಹೊತ್ತು ನೋಡಿ, "ಕುರ್ಚಿ ಮ್ಯಾಲ ಕುಂತ್ರ ಮಾತ ಹೊಂಡತಾವು, ಮತ್ತೇನೂ ಹೊಂಡೂದಿಲ್ಲ" ಎಂದು ತೀರ್ಪು ಕೊಟ್ಟಿದ್ದರು.

ಆಮೇಲೆ ಕಾಕಾ ಅದಕ್ಕೆ ಒಗ್ಗಿಕೊಂಡರು, ಸೀಟು ಒಗ್ಗಲಿಲ್ಲ. ಕೂತು ಕೊಂಚ ಎಡಕ್ಕೆ ವಾಲಿದರೆ ಅದೂ ಎಡಕ್ಕೆ ಸರಿಯುತ್ತಿತ್ತು. ಕಾಕಾ ಒಂದು ಕೈಯಲ್ಲಿ ಗೋಡೆ, ಇನ್ನೊಂದರಲ್ಲಿ ನಳದ ಪೈಪು ಹಿಡಿದು ಕೂಡುವುದನ್ನು ರೂಢಿ ಮಾಡಿಕೊಂಡರೇ ಹೊರತು ಯಾರಿಗೂ ಹೇಳಲಿಲ್ಲ. ಹೇಳುವ ವಿಷಯವೇ ಅದು? ಬೀಗರು ಬಂದು ಹೋದರು, ಅವರೂ ಅಳ್ಳಾಡಿ ಹೋಗಿರಬೇಕು, ಒಬ್ಬರೂ ಬಾಯಿ ಬಿಡಲಿಲ್ಲ. ಚಹಾದಲ್ಲಿ ಸಕ್ಕರೆ ಕಡಿಮೆಯಾದರೆ ಊರೆಲ್ಲ ಹೇಳುವ ಬೀಗರು!

ಈ ಅಳ್ಳಾಟದ ಒಳಮರ್ಮ ತೀರ ಸಣ್ಣದು. ಪಿಂಗಾಣಿಯ ಹಿಂಬದಿಗೆ ಎರಡು ತೂತು, ಅದರಲ್ಲಿ ಎರಡು ಬೋಲ್ಟು, ಅಡಿಯಲ್ಲಿ ಎರಡು ನಟ್ಟು. ತೂತು ಬೋಲ್ಟಿಗಿಂತ ಅಗಲ. ಸೀಟನ್ನು ಆಚೀಚೆ ಸರಿಸಿ ಕೂಡಿಸಲಿಕ್ಕೆಂದೇ ಹಾಗೆ ಬಿಟ್ಟಿರುತ್ತಾರೆ. ನಾವು ಕೂತಾಗ, ಎದ್ದಾಗ, ಹೊರಳಿದಾಗ ಸೀಟು ಅಡ್ಡಡ್ಡ ಜಗ್ಗಿ, ನಟ್ಟು ಕೂದಲೆಳೆಯಷ್ಟು ಸಡಿಲಾಗುತ್ತದೆ. ಮೇಲೆ ನಮ್ಮ ಬೋರಿನ ಸವಳು ನೀರು. ಕಬ್ಬಿಣದ ನಟ್ಟಾದರೆ ಜಂಗು, ಪ್ಲಾಸ್ಟಿಕ್ಕಾದರೆ ಅದರ ಸುತ್ತ ಬಿಳಿ ಹೊಪ್ಪಳಿಕೆ. ನಡುವಿನ ರಬ್ಬರ್ ವಾಶರ್ ಒಣಗಿ ಬಿರುಕು ಬಿಟ್ಟರೆ ಬೋಲ್ಟಿಗೆ ಹಿಡಿತವೇ ಇರುವುದಿಲ್ಲ. ನೀರು ನಿಲ್ಲುವ ಬಾಗುಗೊಳವೆಗೆ 1775ರಲ್ಲಿ ಪೇಟೆಂಟ್ ಪಡೆದ ಅಲೆಕ್ಸಾಂಡರ್ ಕಮಿಂಗ್ ಲಂಡನ್ನಿನಲ್ಲಿ ಗಡಿಯಾರ ಮಾಡುತ್ತಿದ್ದವನು. ಗಡಿಯಾರದವನ ಬುದ್ಧಿ ಸಂಡಾಸದ ನಾತ ತಡೆಯಿತು. ನಾತ ನಿಂತ ಮೇಲೆ ಸಂಡಾಸ ಮನೆಯೊಳಗೆ ಬಂತು, ಒಳಗೆ ಬಂದದ್ದನ್ನು ಸಂಭಾಳಿಸುವ ಕೆಲಸ ನಮ್ಮ ಪಾಲಿಗೆ ಬಂತು.

ಹೊಸ ಸೀಟ್ ಕವರ್ ತರುವುದಾದರೆ ಹಳೆಯದನ್ನು ಒಯ್ಯಲೇಬೇಕು. ಎಲ್ಲ ಕಮೋಡಿನ ಆಕಾರವೂ ಒಂದೇ ಅಲ್ಲ, ತೂತುಗಳ ಅಂತರವೂ ಒಂದೇ ಅಲ್ಲ. ಹಳೆಯದನ್ನು ಬಿಚ್ಚಿ, ತೊಳೆದು, ಪೇಪರಿನಲ್ಲಿ ಸುತ್ತಿ, ಮುರಗೋಡದಿಂದ ಬೈಲಹೊಂಗಲದ ಬಸ್ಸು ಹತ್ತಿದೆ. ಪಕ್ಕದ ಸೀಟಿನ ಹಿರಿಯರು ತೊಡೆಯ ಮೇಲಿನ ಮೊಟ್ಟೆಯಾಕಾರದ ಗಂಟನ್ನು ಭಕ್ತಿಯಿಂದ ನೋಡಿ, "ಯಾವ ದೇವರ ಫೋಟೋ ರೀ?" ಎಂದರು. "ಕಟ್ಟು ಸಡ್ಲ ಆಗೇತ್ರಿ, ರಿಪೇರಿಗೆ ಹೊಂಟೇನಿ" ಎಂದೆ. ಅವರು ಕೈ ಮುಗಿದರು. ಅಂಗಡಿಯವನು ಗಂಟು ಬಿಚ್ಚಿ ನೋಡಿ ನಕ್ಕು, "ಸರ್ರ, ಕವರ್ ಬ್ಯಾಡ ಬಿಡ್ರಿ, ಇದು ಘಟ್ಟಿ ಐತಿ. ಎರಡು ವಾಶರ್, ಎರಡು ನಟ್ ಒಯ್ರಿ" ಅಂದ. ಅವೆರಡರ ಬೆಲೆ ನನ್ನ ಬಸ್ಸಿನ ಟಿಕೆಟ್ಟಿಗಿಂತ ಕಡಿಮೆ.

ಹಾಗಿದ್ದೂ ಈ ಕೆಲಸ ವರ್ಷಗಟ್ಟಲೆ ಯಾಕೆ ನಿಲ್ಲುತ್ತದೆ? ಹಣಕ್ಕಲ್ಲ, ಅಡಿಗೆ ಕೈ ಹಾಕಬೇಕಲ್ಲ, ಅದಕ್ಕೆ. ಆ ಜಾಗಕ್ಕೆ ಕೈ ಹಾಕುವುದು ಇನ್ನೊಬ್ಬರ ಕೆಲಸ ಎಂದು ತಲೆತಲಾಂತರದಿಂದ ತಿಳಿದವರು ನಾವು. ಆ ಇನ್ನೊಬ್ಬರು ಯಾರೆಂಬುದನ್ನೂ ಜಾತಿಯೇ ಗೊತ್ತುಮಾಡಿತ್ತು. ದೇವರಾಜ ಅರಸರ ಸರ್ಕಾರದಲ್ಲಿ ಮಂತ್ರಿಯಾಗಿದ್ದ ಬಿ. ಬಸವಲಿಂಗಪ್ಪನವರು ಎಪ್ಪತ್ತರ ದಶಕದಲ್ಲಿ ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ನಿಷೇಧಿಸಿದರು. 1993ರಲ್ಲೊಂದು, 2013ರಲ್ಲೊಂದು ಕೇಂದ್ರದ ಕಾಯ್ದೆ ಬಂದವು. ಕಾಯ್ದೆ ಬುಟ್ಟಿಯನ್ನು ಇಳಿಸಬಲ್ಲದು, ನಮ್ಮ ಮೂಗಿನ ಮೇಲಿನ ಬೆರಳನ್ನು ಇಳಿಸಲಾರದು. ಎರಡು ನಟ್ಟಿಗೆ ಪ್ಲಂಬರನ ದಾರಿ ಕಾಯುವವರ ಮನೆಯಲ್ಲಿ ಆ ಬೆರಳು ಇನ್ನೂ ಅಲ್ಲೇ ಇದೆ.

ಕೆಲಸ ಇಷ್ಟೇ. ಸೀಟಿನ ಹಿಂದಿನ ಮುಚ್ಚಳ ಎತ್ತಿ ಬೋಲ್ಟು ತೆಗೆಯಿರಿ. ತೂತಿನ ಸುತ್ತಲಿನ ಸವಳನ್ನು ಲಿಂಬೆಹಣ್ಣು ಹಚ್ಚಿ ತಿಕ್ಕಿ, ಒರೆಸಿ ಒಣಗಿಸಿ. ಹೊಸ ವಾಶರ್ ಹಾಕಿ, ಸೀಟನ್ನು ನಟ್ಟನಡುವೆ ಕೂಡಿಸಿ, ಅಡಿಯಿಂದ ನಟ್ಟನ್ನು ಬೆರಳಲ್ಲೇ ಬಿಗಿ ಮಾಡಿ. ಕಡೆಗೆ ಪಕ್ಕಡದಿಂದ ಕಾಲು ಸುತ್ತು, ಅದಕ್ಕಿಂತ ಹೆಚ್ಚು ಬೇಡ. ಪಿಂಗಾಣಿ ಸೀಳಿದರೆ ಇಡೀ ಕಮೋಡನ್ನೇ ಬದಲಿಸಬೇಕು. ಕೈಯನ್ನು ಸಾಬೂನು ಹಚ್ಚಿ ತೊಳೆದರೆ ಮುಗಿಯಿತು.

ಮನೆಯಲ್ಲಿ ವಯಸ್ಸಾದವರಿದ್ದರೆ ಅವರಾಗಿಯೇ ಹೇಳಲಿ ಎಂದು ಕಾಯಬೇಡಿ, ಅವರು ಹೇಳುವುದಿಲ್ಲ. ಇವತ್ತೇ ಹೋಗಿ ಸೀಟನ್ನು ಒಮ್ಮೆ ಎಡಕ್ಕೆ ಬಲಕ್ಕೆ ಜಗ್ಗಿ ನೋಡಿ.