ಕಾವಲುಗಾರನ ಬಿಡುಗಡೆ

ಕಾವಲಿಗೆ ಒಬ್ಬನನ್ನು ನೇಮಿಸುವುದು ಸುಲಭ. ಬಿಡುಗಡೆ ಮಾಡುವುದು ಅಷ್ಟು ಸುಲಭವಲ್ಲ. ಡೇಟಾಬೇಸುಗಳ ಉಸ್ತುವಾರಿಯಿಂದ ಜೀವನ ಸಾಗಿಸುವ ನಾನು ಇದನ್ನು ಬಲ್ಲೆನು.

ಒಂದು ಕಚೇರಿಯ ಒರೇಕಲ್ ಡೇಟಾಬೇಸಿನಲ್ಲಿ ಸ್ಟ್ಯಾಟ್ಸ್‌ಪ್ಯಾಕ್ ಎಂಬ ಸಾಧನವನ್ನು ಹಿಂದೆ ಯಾರೋ ಸ್ಥಾಪಿಸಿದ್ದರು. ಗಂಟೆಗೊಮ್ಮೆ ಡೇಟಾಬೇಸಿನ ನಾಡಿ ಹಿಡಿದು, ಯಾವ ಕೆಲಸಕ್ಕೆ ಎಷ್ಟು ಹೊತ್ತು ಹಿಡಿಯಿತು, ಎಲ್ಲಿ ಕಾಯಬೇಕಾಯಿತು ಎಂಬುದನ್ನು ಅದು ಬರೆದಿಡುತ್ತದೆ. ಯಾರೂ ಕರೆಯದೆ ತೆರೆಯ ಹಿಂದೆ ನಡೆಯುವ ಇಂಥ ನಿತ್ಯಕರ್ಮಕ್ಕೆ ನಮ್ಮವರು ಜಾಬ್ ಎನ್ನುತ್ತಾರೆ. ದಿನಕ್ಕೆ 24, ವರ್ಷಕ್ಕೆ 8,760 ದಾಖಲೆಗಳು! ಹಳೆಯದನ್ನು ತಾನಾಗಿ ಅಳಿಸುವ ವಾಡಿಕೆ ಈ ಜಾಬಿಗಿಲ್ಲ. ನೇಮಿಸಿದವರು ನಿವೃತ್ತರಾಗಿದ್ದರು, ಓದುವವರಿರಲಿಲ್ಲ. ದಾಖಲೆಗಳು ಮಾತ್ರ ಬೆಳೆದು ಬೆಳೆದು ಲೆಕ್ಕಪತ್ರಗಳ ಸ್ಥಳವನ್ನು ಆಕ್ರಮಿಸುತ್ತಿದ್ದವು. 2003ರಲ್ಲಿ ಬಂದ 10ಜಿ ಆವೃತ್ತಿಯಿಂದ ಈಚೆಗೆ ಒರೇಕಲ್ ತಾನೇ ಇಂಥ ದಾಖಲೆಯನ್ನು ಇಡುತ್ತದೆ. ಅದನ್ನು ಬಳಸಲು ಪ್ರತ್ಯೇಕ ಶುಲ್ಕ ತೆರಬೇಕು. ಕಚೇರಿಯವರು ಅದನ್ನೂ ತೆತ್ತಿದ್ದರು. ಒಂದು ಬಾಗಿಲಿಗೆ ಇಬ್ಬರು ಕಾವಲುಗಾರರೇಕೆ?

ಸಹೋದ್ಯೋಗಿ ಮಿತ್ರರೊಬ್ಬರು, "ಸ್ವಾಮಿ, ಎಲ್ಲವನ್ನೂ ಒಮ್ಮೆಗೇ ಕಿತ್ತುಹಾಕುವ ಸ್ಕ್ರಿಪ್ಟ್ ಇದೆಯಲ್ಲ, ಅದನ್ನೇ ನಡೆಸಿಬಿಡಿ" ಎಂದರು. ಅದು ನನಗೆ ಒಪ್ಪಿಗೆಯಾಗಲಿಲ್ಲ. ಆ ಸ್ಕ್ರಿಪ್ಟು ಕಾವಲುಗಾರನೊಡನೆ ಅವನ ದಿನಚರಿಯನ್ನೂ ಸುಡುತ್ತದೆ. ಮಾರ್ಚ್ ಕೊನೆಯ ರಾತ್ರಿಗಳಲ್ಲಿ ಲೆಕ್ಕ ಮುಗಿಸಲು ಗುಮಾಸ್ತರು ಕಾದು ಕುಳಿತದ್ದಕ್ಕೆ ಬೇರೆ ಸಾಕ್ಷಿ ಎಲ್ಲಿದೆ? ಅವರನ್ನು ಸೋಮಾರಿಗಳೆಂದು ಮೇಲಿನವರು ಜರೆದದ್ದೂ ಉಂಟು.

ಆದುದರಿಂದ ಮೊದಲು ಜಾಬುಗಳ ಪಟ್ಟಿಯನ್ನು ತೆಗೆಯಿಸಿ ಒಂದೊಂದನ್ನೂ ಓದಿದೆನು. ಹೊರಗಿನಿಂದ ನೋಡಿದರೆ ಎಲ್ಲವೂ ಬರಿಯ ಸಂಖ್ಯೆಗಳೇ. ಸಂಬಳದ ಪಟ್ಟಿಯನ್ನು ಸಿದ್ಧಪಡಿಸುವ ಜಾಬೂ ಅದೇ ಸಾಲಿನಲ್ಲಿತ್ತು. ಇನ್ನೊಂದು ಸ್ವಾರಸ್ಯವನ್ನು ವಾಚಕರು ಗಮನಿಸಬೇಕು. ಡೇಟಾಬೇಸಿನ ಸರ್ವಾಧಿಕಾರಿಯಾದರೂ ಹಳೆಯ ಬಗೆಯ ಜಾಬನ್ನು ರಾಜಮಾರ್ಗದಿಂದ ತೆಗೆಯಲಾರನು. ಒಡೆಯನ ಹೆಸರಿನಲ್ಲಿಯೇ ಒಳಹೊಕ್ಕು ತೆಗೆಯಬೇಕು. ಇಲ್ಲಿ ಒಡೆಯನು ಪರ್ಫ್‌ಸ್ಟ್ಯಾಟ್ ಎಂಬ ಹೆಸರಿನವನು. ತೆಗೆದ ಮೇಲೆಯೂ ಕಮಿಟ್ ಎಂಬ ಅಂಗೀಕಾರದ ಮುದ್ರೆ ಬೀಳದಿದ್ದರೆ ಆಜ್ಞೆ ನಿಲ್ಲದು. ಆ ಕ್ಷಣದಲ್ಲಿ ಜಾಬು ನಡೆಯುತ್ತಿದ್ದರೆ ಅದು ಅರ್ಧದಲ್ಲಿ ನಿಲ್ಲುವುದಿಲ್ಲ. ಹಿಡಿದ ಕೆಲಸವನ್ನು ಮುಗಿಸಿಯೇ ಹೋಗುತ್ತದೆ. ಈ ಮರ್ಯಾದೆ ನನಗೆ ಬಹಳ ಹಿಡಿಸಿತು.

ಒಂದು ಸಂಖ್ಯೆಯನ್ನು ಮಾತ್ರ ತೆಗೆದು ಮುದ್ರೆಯೊತ್ತಿದೆನು. ಮುಂದಿನ ಗಂಟೆಗೆ ಹೊಸ ದಾಖಲೆ ಬರಲಿಲ್ಲ. ಹಳೆಯವುಗಳಲ್ಲಿ ಮಾರ್ಚ್ ಕೊನೆಯವನ್ನು ಉಳಿಸಿ, ಮಿಕ್ಕವನ್ನು ಕಂತುಕಂತಾಗಿ ಅಳಿಸಿದೆನು. ಉಳಿಸಿದವುಗಳ ವರದಿಯನ್ನು ಅಚ್ಚು ಮಾಡಿಸಿ ಗುಮಾಸ್ತರ ಮುಖ್ಯಸ್ಥರ ಕೈಗೆ ಕೊಟ್ಟೆನು.