ಸೆಕೆಯ ಊರಿನಲ್ಲಿ ಉಷ್ಣಕದ ಅನ್ವೇಷಣ

ಮಂಗಳೂರಿನ ಹವೆಯನ್ನು ಬಲ್ಲ ವಾಚಕರಿಗೆ ಈ ತಲೆಬರಹವು ವಿನೋದವಾಗಿ ಕಂಡೀತು. ವರ್ಷದ ಬಹುಭಾಗ ಬೀಸಣಿಗೆಯನ್ನು ಬಿಟ್ಟಿರಲಾರದ ಊರಿನಲ್ಲಿ, ಮೋಟಾರುಗಾಡಿಯೊಳಗೆ ಬಿಸಿಗಾಳಿಯನ್ನು ಊದುವ ಯಂತ್ರಕ್ಕೆ ಬಿಡಿಭಾಗಗಳನ್ನು ಹುಡುಕುತ್ತ ಅಲೆಯುವವರನ್ನು ಜನರು ಏನೆಂದುಕೊಂಡಾರು? ಬಂದರಿನ ಒಂದು ಅಂಗಡಿಯಲ್ಲಿ ನಾವು ವಿಚಾರಿಸಿದಾಗ, ಗಲ್ಲೆಯಲ್ಲಿ ಕುಳಿತಿದ್ದವರು ತಲೆಯೆತ್ತಿ, “ಹೀಟರಾ ಮಾಷ್ಟ್ರೇ? ಈ ಸೆಕೆಯಲ್ಲಿಯಾ?” ಎಂದು ಕೇಳಿದರು. ಪ್ರಶ್ನೆಯು ಯುಕ್ತವಾದುದೇ. ಆದರೆ ಮಂಗಳೂರಿಗೆ ಪಡುವಲಲ್ಲಿ ಕಡಲಿರುವಂತೆ ಮೂಡಲಲ್ಲಿ ಘಟ್ಟವೂ ಉಂಟಷ್ಟೆ.

ಮಳೆಗಾಲದಲ್ಲಿ ಚಾರ್ಮಾಡಿಯನ್ನಾಗಲಿ ಸಂಪಾಜೆಯನ್ನಾಗಲಿ ಏರಿದವರಿಗೆ ಉಷ್ಣಕದ ಬೆಲೆಯು ತಿಳಿಯದಿರದು. ಇಲ್ಲಿ ವರ್ಷಕ್ಕೆ 3,500 ಮಿಲಿಮೀಟರಿಗೂ ಮಿಕ್ಕಿ ಮಳೆ ಬೀಳುವುದು. ಗಾಡಿಯೊಳಗಿನವರ ಉಸಿರು, ತೊಯ್ದ ಕೊಡೆ, ತೊಯ್ದ ಬಟ್ಟೆ, ಇವುಗಳಿಂದೆದ್ದ ಬಾಷ್ಪವೆಲ್ಲವೂ ಹೊರಗಿನ ಮಳೆಯಿಂದ ತಣ್ಣಗಾದ ಮುಂಗಾಜಿನ ಒಳಮೈಯನ್ನು ಸೇರಿ ಮಂಜಾಗಿ ಕೂರುತ್ತದೆ. ಕೈವಸ್ತ್ರದಿಂದ ಒರಸಿದರೆ ನಿಮಿಷದೊಳಗೆ ಮತ್ತೆ ಕವಿಯುವುದು. ಕಿಟಿಕಿಯನ್ನು ಇಳಿಸಿದರೆ ಮಳೆಯೇ ಒಳಗೆ ಬರುವುದು. ಚಾಲಕರು ಹೊಗೆಸೊಪ್ಪನ್ನು ಉಜ್ಜುವುದುಂಟು. ಅದು ಗಾಜಿನ ಹೊರಮೈಯ ನೀರಿಗೆ ಮದ್ದೇ ಹೊರತು ಒಳಮೈಯ ಮಂಜಿಗಲ್ಲ. ಈಗಿನ ಗಾಡಿಗಳಲ್ಲಿ ಹವಾನಿಯಂತ್ರಣವು ಗಾಳಿಯ ತೇವವನ್ನೇ ಹೀರುವುದರಿಂದ ಆ ಕಷ್ಟವಿಲ್ಲ. ಹಳೆಯ ಗಾಡಿಗೆ ಬಿಸಿಗಾಳಿಯೊಂದೇ ಗತಿ.

ನಮ್ಮ ಮನೆಯಲ್ಲಿರುವುದು ಮಾರ್ಕ್ ಎರಡು ಎಂಬ ಅಂಬಾಸಿಡರ್ ಗಾಡಿ. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಮೂರನೆಯ ಶ್ರೇಣಿಯ ಅಚ್ಚಿನಿಂದ ಹುಟ್ಟಿದ ಈ ಕುಲವನ್ನು ಬಂಗಾಲದ ಉತ್ತರಪಾರಾದಲ್ಲಿ ಹಿಂದುಸ್ಥಾನ್ ಮೋಟಾರ್ಸ್‌ನವರು ಕಟ್ಟುತ್ತಿದ್ದರು. 2014ರ ಮೇ ತಿಂಗಳಲ್ಲಿ ಅದು ನಿಂತುಹೋಯಿತು. ಎಲ್ಲ ಅಂಬಾಸಿಡರುಗಳಿಗೂ ಉಷ್ಣಕವಿರಲಿಲ್ಲ. ನಮ್ಮದು ಮೊದಲು ಘಟ್ಟದ ಮೇಲಿನ ಕಾಫಿತೋಟದವರ ಬಳಿಯಲ್ಲಿ ಇದ್ದುದರಿಂದ ಅದನ್ನು ಪಡೆದಿತ್ತು. ಕೆಳಗಿಳಿದು ಬಂದ ಬಳಿಕ, ನೀರು ಸೋರುವುದೆಂಬ ಕಾರಣಕ್ಕೆ, ಯಾವನೋ ಯಂತ್ರಜ್ಞನು ಅದರ ಎರಡು ರಬ್ಬರು ಕೊಳವೆಗಳನ್ನು ಒಂದಕ್ಕೊಂದು ಜೋಡಿಸಿ, ಉಷ್ಣಕವನ್ನು ನಿರುದ್ಯೋಗಿಯನ್ನಾಗಿ ಮಾಡಿಬಿಟ್ಟಿದ್ದನು. ಕಳೆದ ಆಷಾಢದಲ್ಲಿ ಚಾರ್ಮಾಡಿಯ ಒಂದು ತಿರುವಿನಲ್ಲಿ, ಮಂಜು ಕವಿದ ಗಾಜಿನಾಚೆಯಿಂದ ಲಾರಿಯ ದೀಪಗಳೆರಡು ಎರಡೇ ಮಾರು ದೂರದಲ್ಲಿ ಒಮ್ಮೆಲೆ ಕಂಡವು. ಗಾಡಿಯಲ್ಲಿ ನಮ್ಮ ಮನೆಯವರೂ ಮೊಮ್ಮಗಳೂ ಇದ್ದರು. ಮಗನು ಮನೆಗೆ ಬಂದವನೇ, “ಅಪ್ಪಾ, ಒಂದೋ ಇದನ್ನು ಸರಿಮಾಡಿಸಿ, ಇಲ್ಲದಿದ್ದರೆ ಗುಜರಿಗೆ ಕೊಡಿ” ಎಂದನು.

ಉಷ್ಣಕವೆಂಬುದು ವಾಸ್ತವವಾಗಿ ಸರಳವಾದ ಯಂತ್ರ. ಎಂಜಿನಿನಲ್ಲಿ ಕಾದ ನೀರು ಒಂದು ಹಿತ್ತಾಳೆಯ ನಲ್ಲಿಯ ಮೂಲಕ ಹೊರಟು, ಅರ್ಧ ಅಂಗುಲದ ಕೊಳವೆಯಿಂದ ಒಂದು ಪುಟ್ಟ ತಾಮ್ರದ ಜಾಲರಿಯನ್ನು ಸುತ್ತಿ ಹಿಂದಿರುಗುವುದು. 12 ವೋಲ್ಟಿನ ಮೋಟರು ಆ ಜಾಲರಿಯ ಮೂಲಕ ಗಾಳಿಯನ್ನು ಗಾಜಿನ ಬುಡಕ್ಕೆ ಊದುವುದು. ಇದಕ್ಕಾಗಿ ಬೇರೆ ಉರುವಲಿಲ್ಲ. ಎಂಜಿನು ಹೇಗೂ ಹೊರಗೆ ಚೆಲ್ಲುವ ಶಾಖವೇ ಸಾಕು. ನಮ್ಮದರಲ್ಲಿ ಜಾಲರಿ ತೂತಾಗಿತ್ತು, ಮೋಟರು ಸುಟ್ಟಿತ್ತು, ನಲ್ಲಿ ತುಕ್ಕಿನಿಂದ ಕಚ್ಚಿಕೊಂಡಿತ್ತು.

1914ರಲ್ಲಿಯೇ ಸಿ.ಪಿ.ಸಿ. ಕಂಪೆನಿಯವರು ಬಸ್ಸು ಓಡಿಸಲಾರಂಭಿಸಿದ ಪಟ್ಟಣವಿದು. ಮೋಟಾರಿನ ಬಿಡಿಭಾಗಕ್ಕೆ ಇಲ್ಲಿ ಬರಗಾಲವಿರಲಾರದೆಂದು ನಾವು ಹಂಪನಕಟ್ಟೆಯಿಂದ ಬಂದರಿನ ಕಡೆಗೆ ನಡೆದೆವು. (ದಾರಿಯಲ್ಲಿ ‘ಕಾರ್ ಸ್ಟ್ರೀಟ್’ ಎಂಬ ಫಲಕವನ್ನು ಕಂಡು ಮೋಟಾರಿನ ಪೇಟೆಯೆಂದು ಭ್ರಮಿಸುವ ಪರಸ್ಥಳದವರುಂಟು. ಅದು ವೆಂಕಟರಮಣ ದೇವರ ರಥಬೀದಿ. ಅಲ್ಲಿಯ ‘ಕಾರ್’ ಎಳೆಯುವವರ ಹೆಗಲಿನಿಂದ ನಡೆಯತಕ್ಕುದು.) ಹೊಸ ಅಂಗಡಿಗಳಲ್ಲಿ ಗಾಡಿಯ ಹೆಸರನ್ನು ಕೇಳಿ ಗಣಕಯಂತ್ರದಲ್ಲಿ ನೋಡಿ “ಇಲ್ಲ” ಎಂದರು. ಬಂದರಿನ ಗುಜರಿ ಅಂಗಡಿಯಲ್ಲಿ ಗಾಡಿಯ ಹೆಸರನ್ನು ಯಾರೂ ಕೇಳಲಿಲ್ಲ; “ಎಷ್ಟು ಅಂಗುಲ?” ಎಂದು ಕೇಳಿದರು. ಹಳೆಯ ವಸ್ತುವನ್ನು ಹುಡುಕುವವರು ಹೆಸರಿಗಿಂತ ಅಳತೆಯನ್ನು ಚೀಟಿಯಲ್ಲಿ ಬರೆದೊಯ್ಯುವುದು ಲೇಸು.

ಆ ಗುಜರಿಯ ರಾಶಿಯಲ್ಲಿ, ದೋಣಿಯ ಎಂಜಿನುಗಳ ಕೆಳಗೆ, ಯಾವುದೋ ಒಡೆದ ಗಾಡಿಯ ಉಷ್ಣಕದ ಡಬ್ಬಿ ಸಿಕ್ಕಿತು. ಅದರ ಜಾಲರಿ ಜಜ್ಜಿಹೋಗಿತ್ತು. ಬ್ಯಾಟರಿಗೆ ತಗಲಿಸಿದಾಗ ಮೋಟರು ಮಾತ್ರ ಗಿರ್ರನೆ ತಿರುಗಿತು. ಸಂಸ್ಕೃತದಲ್ಲಿ ನಷ್ಟಾಶ್ವದಗ್ಧರಥನ್ಯಾಯವೆಂದು ಒಂದುಂಟು. ಕುದುರೆ ಕಳೆದುಕೊಂಡವನೊಬ್ಬನು, ರಥ ಸುಟ್ಟುಹೋದವನೊಬ್ಬನು. ಇಬ್ಬರೂ ಕೂಡಿ, ಒಬ್ಬನ ರಥಕ್ಕೆ ಇನ್ನೊಬ್ಬನ ಕುದುರೆಯನ್ನು ಹೂಡಿ ಪ್ರಯಾಣ ಬೆಳಸಿದರು. ಪತಂಜಲಿಯ ಮಹಾಭಾಷ್ಯದಲ್ಲಿಯೂ ಬರುವ ಈ ದೃಷ್ಟಾಂತವನ್ನು ನಾವು ತರಗತಿಯಲ್ಲಿ ಎಷ್ಟೋ ಸಲ ವಿವರಿಸಿದ್ದುಂಟು; ಅದನ್ನು 900 ರೂಪಾಯಿಗೆ ಕೊಂಡುತಂದುದು ಇದೇ ಮೊದಲು.

ಉಳಿದುದು ಜಾಲರಿ. ಪಂಪ್‌ವೆಲ್ಲಿನಿಂದ ಪಡೀಲಿನ ದಿಕ್ಕಿಗೆ ಹೋಗುವಲ್ಲಿ ರೇಡಿಯೇಟರಿಗೆ ಬೆಸುಗೆ ಹಾಕುವ ವೃದ್ಧರೊಬ್ಬರಿದ್ದಾರೆ. ಅವರು ಜಾಲರಿಯ ಒಂದು ಬಾಯನ್ನು ಮುಚ್ಚಿ, ಇನ್ನೊಂದರಿಂದ ಗಾಳಿ ತುಂಬಿ ನೀರಿನ ತೊಟ್ಟಿಯಲ್ಲಿ ಮುಳುಗಿಸಿದರು. ನಾಲ್ಕು ಕಡೆ ಗುಳ್ಳೆಗಳೆದ್ದವು. ಸೀಮೆಸುಣ್ಣದಿಂದ ಗುರುತು ಹಾಕಿ, ಮೈಯನ್ನು ತಿಕ್ಕಿ ಬೆಳಗಿ, ಸೀಸ ತವರಗಳ ಬೆಸುಗೆಯನ್ನು ಅತ್ಯಂತ ಮಿತವಾಗಿ ಹರಿಯಿಸಿದರು. ಆ ಮಿಶ್ರಣವು ಸುಮಾರು 183 ಅಂಶ ಶಾಖದಲ್ಲಿ ಕರಗುವುದರಿಂದ ಎಂಜಿನಿನ ನೀರಿಗೆ ಅದು ಅಳುಕದು. ಈಗ ಬರುವ ರೇಡಿಯೇಟರುಗಳು ಅಲ್ಯುಮಿನಿಯಮ್ಮು ಮತ್ತು ಪ್ಲಾಸ್ಟಿಕ್ಕಿನವು. ಕೆಟ್ಟರೆ ಎಸೆದು ಹೊಸತನ್ನು ಹಾಕುವುದೇ ಪದ್ಧತಿ. “ಮಗನಿಗೆ ಕಲಿಸಲಿಲ್ಲವೆ?” ಎಂದು ಕೇಳಿದೆವು. “ಅವನು ಗಲ್ಫಿನಲ್ಲಿದ್ದಾನೆ ಮಾಷ್ಟ್ರೇ. ತಾಮ್ರದ ಕೆಲಸ ತಿಂಗಳಿಗೆ ನಾಲ್ಕು ಬಂದರೆ ಹೆಚ್ಚು. ಕಲಿಸಿ ಅವನ ಹೊಟ್ಟೆಗೆ ಏನು ಹಾಕಲಿ?” ಎಂದರು. ಇದಕ್ಕೆ ನಮ್ಮಲ್ಲಿ ಉತ್ತರವಿರಲಿಲ್ಲ. ಸಂಸ್ಕೃತ ಕಲಿಸಿದವರಿಗೆ ಈ ಪ್ರಶ್ನೆ ಹೊಸತೂ ಅಲ್ಲ.

ನಲ್ಲಿಯನ್ನು ಇಂಗ್ಲೆಂಡಿನಿಂದ ತರಿಸಬಹುದೆಂದು ಒಬ್ಬ ಮಿತ್ರರು ಸೂಚಿಸಿದ್ದರು. ನಮ್ಮ ಗಾಡಿಯ 1489 ಘನ ಸೆಂಟಿಮೀಟರಿನ ಎಂಜಿನು ಅಲ್ಲಿಯ ಎಂ.ಜಿ.ಬಿ. ಎಂಬ ಗಾಡಿಯ ಎಂಜಿನಿನ ಬಂಧುವೇ. ಅದಕ್ಕೆ ಈಗಲೂ ಅಲ್ಲಿ ಬಿಡಿಭಾಗಗಳನ್ನು ಹೊಸದಾಗಿ ಮಾಡುತ್ತಾರೆ. ಆದರೆ ಆ ವೃದ್ಧರು ಹಳೆಯ ನಲ್ಲಿಯನ್ನು ಸೀಮೆಣ್ಣೆಯಲ್ಲಿ ಎರಡು ದಿನ ನೆನೆಯಿಟ್ಟು ಬಿಡಿಸಿ ನೋಡಿ, ಒಳಗಿನ ಪೀಠ ಸವೆದಿದೆಯೆಂದರು. ಪಕ್ಕದ ಲೇತಿನವನು ಅದನ್ನೇ ಮಾದರಿಯಾಗಿಟ್ಟುಕೊಂಡು ಹಿತ್ತಾಳೆಯಲ್ಲಿ ಹೊಸತೊಂದನ್ನು ಕಡೆದುಕೊಟ್ಟನು.

ಶ್ರಾವಣದಲ್ಲಿ ಮತ್ತೆ ಕೊಟ್ಟಿಗೆಹಾರಕ್ಕೆ ಏರಿದೆವು. ಮೂರನೆಯ ತಿರುವಿನಲ್ಲಿ ನಲ್ಲಿಯನ್ನು ತಿರುಗಿಸಿ ಮೋಟರನ್ನು ಹಾಕಿದಾಗ, ಗಾಜಿನ ಬುಡದಲ್ಲಿ ಎರಡು ಅರ್ಧಚಂದ್ರಗಳು ಮೂಡಿ, ಮೆಲ್ಲಮೆಲ್ಲನೆ ಮೇಲಕ್ಕೆ ಹಬ್ಬಿ ರಸ್ತೆಯು ಪೂರ್ತಿಯಾಗಿ ಕಂಡಿತು. ಮಗನು ಗುಜರಿಯ ಮಾತನ್ನು ಎತ್ತಲಿಲ್ಲ. ಸವೆದ ಹಳೆಯ ನಲ್ಲಿಯನ್ನು ಕೊಂಡುಬರಲು ನಾವು ಪಡೀಲಿಗೆ ಹೋದಾಗ ವೃದ್ಧರು ಕೊಡಲೊಪ್ಪಲಿಲ್ಲ. “ಇರಲಿ ಮಾಷ್ಟ್ರೇ, ಇನ್ನೊಬ್ಬರು ಯಾರಾದರೂ ಬಂದರೆ ಅಳತೆಗೆ ಬೇಕಲ್ಲ” ಎಂದು ಅದನ್ನು ಗೋಡೆಯ ಮೊಳೆಗೆ ತೂಗಹಾಕಿದರು.